ಏಳನೇ ಕೇಂದ್ರದ ಒಂದನೇ ನಂಬರ್ ರೋಗಿ

ಕಾಣೆಯಾದವರ ಹಳೆಯ ಪ್ರಕರಣದಲ್ಲಿ ದೂರುದಾರನ ಮರುಹೇಳಿಕೆ

ಠಾಣಾಧಿಕಾರಿಗಳೇ, ಪೆನ್ನು ಹಿಡಿದು ಕೂತಿರುವ ರೈಟರ್ ಸಾಹೇಬರೇ, ಬಾಗಿಲಿಗೆ ಒರಗಿ ನಿಂತ ಪೇದೆಯವರೇ, ಸೈಕಲ್ ಕಳೆದುಕೊಂಡು ಬೆಂಚಿನ ಮೇಲೆ ಕೂತಿರುವ ಹಿರಿಯರೇ, ಕಂಬಿಯ ಹಿಂದಿನಿಂದ ಕಿವಿಗೊಟ್ಟಿರುವ ಸಹೋದರನೇ, ಈ ಕೋಣೆಯಲ್ಲಿ ಸೇರಿರುವ ಸಮಸ್ತರೇ! ನಾನು ಹೇಳುವುದನ್ನು ಒಬ್ಬರು ಬರೆದುಕೊಂಡರೆ ಸಾಲದು, ಎಲ್ಲರೂ ಕೇಳಿರಬೇಕು. ನಾಳೆ ಯಾರಾದರೂ ಇದು ಹೀಗಾಗಿರಲಿಲ್ಲ ಎಂದರೆ ನನಗೆ ಸಾಕ್ಷಿ ಬೇಕು.

(ರೈಟರ್ ಸಾಹೇಬರು, ಸ್ವಲ್ಪ ಗಂಟಲು ಇಳಿಸಿ ಸ್ವಾಮಿ, ಇದು ಠಾಣೆ, ರಂಗಮಂದಿರ ಅಲ್ಲ, ಮೊದಲು ಹೆಸರು ವಿಳಾಸ ಹೇಳಿ ಎಂದರು. ಇಳಿಸಿದ್ದೇನೆ. ಇಳಿಸಿದ ಮೇಲೂ ಇಷ್ಟೇ ಇರುತ್ತದೆ.)

ನನ್ನ ಹೆಸರು ಮತ್ತು ತಂದೆಯ ಹೆಸರು ಹನ್ನೆರಡು ವರ್ಷದ ಹಿಂದೆ ಇದೇ ಠಾಣೆಯಲ್ಲಿ ಕೊಟ್ಟ ದೂರಿನಲ್ಲಿ ಇರುವಂತೆಯೇ. ಎಲ್ಲರೂ ಕರೆಯುವುದು ಗುಡುಗಣ್ಣ ಎಂದು. ವಯಸ್ಸು 54. ಉದ್ಯೋಗ: ಡಯಾಲಿಸಿಸ್ ಕೇಂದ್ರಗಳನ್ನು ನಡೆಸುವ ಧರ್ಮಾರ್ಥ ಸಂಸ್ಥೆಯೊಂದರ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ದಾಖಲೆಗಳ ಮೇಲ್ವಿಚಾರಕ. ಹವ್ಯಾಸ: ನಾಟಕ. ಹವ್ಯಾಸದ ಕಾಲಂ ನಿಮ್ಮ ಹಾಳೆಯಲ್ಲಿ ಇಲ್ಲವೆಂದರೂ ಅದನ್ನು ಬರೆದುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ವಾಸ: ನೀರಿನ ಟ್ಯಾಂಕಿನ ಹಿಂದಿನ ಬೀದಿ, ಎರಡನೇ ಮಹಡಿ, ನೀಲಿ ಬಾಗಿಲು.

ಈ ಮೂಲಕ ತಿಳಿಸುವುದೇನೆಂದರೆ, ನನಗೆ ಒಬ್ಬನೇ ತಮ್ಮ. ನನಗಿಂತ ಐದು ವರ್ಷ ಚಿಕ್ಕವನು. ನಮ್ಮ ತಂದೆಯವರು ನಾಟಕ ತಂಡ ಕಟ್ಟಿದವರು. ನಾವಿಬ್ಬರೂ ಬಣ್ಣದ ಪೆಟ್ಟಿಗೆಯ ಪಕ್ಕದಲ್ಲೇ ಅಂಬೆಗಾಲಿಟ್ಟವರು. ನಾನು ಹನ್ನೊಂದರವನು, ಅವನು ಆರರವನು ಇದ್ದಾಗ ತಗಡಿನ ಕತ್ತಿಯ ಯುದ್ಧ ಅಭ್ಯಾಸ ಮಾಡುವಾಗ ನನ್ನ ಕತ್ತಿಯ ತುದಿ ಅವನ ಎಡ ಹುಬ್ಬನ್ನು ಸೀಳಿತು. ಮೂರು ಹೊಲಿಗೆ. ಆ ಗಾಯದ ಗುರುತು ಹಳೆಯ ದೂರಿನ ಎರಡನೇ ಪುಟದಲ್ಲಿ ನಮೂದಾಗಿದೆ. ಅವನಿಗೆ ರಂಗದ ಮೇಲೆ ನಿಲ್ಲುವ ಧೈರ್ಯ ಎಂದೂ ಬರಲಿಲ್ಲ. ಆದರೆ ತಂಡದ ಅಷ್ಟೂ ನಾಟಕಗಳ ಅಷ್ಟೂ ಮಾತು ಅವನಿಗೆ ಬಾಯಿಪಾಠ. ಪಕ್ಕದ ಪರದೆಯ ಹಿಂದೆ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು, ಮಾತು ಮರೆತವರಿಗೆ ಮೆಲ್ಲಗೆ ಹೇಳಿಕೊಡುತ್ತಿದ್ದ. ನಾನು ಗುಡುಗಣ್ಣ, ಅವನು ಪಿಸಣ್ಣ. ಅಣ್ಣ ಕೂಗಿದರೆ ಊರಿಗೆ ಕೇಳುತ್ತದೆ, ತಮ್ಮ ಕೂಗಿದರೆ ತಮ್ಮನಿಗೇ ಕೇಳುವುದಿಲ್ಲ ಎಂದು ತಂಡದವರು ನಗುತ್ತಿದ್ದರು.

ಹನ್ನೆರಡು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನದ ಪ್ರದರ್ಶನ. ತಂದೆಯವರೇ ಬರೆದ ನಾಟಕ. ಕೈಬರಹದ ಒಂದೇ ಪ್ರತಿ, ಅದು ತಮ್ಮನ ತೊಡೆಯ ಮೇಲೆ. ನಾನು ಮುದಿ ರಾಜ. ಮೂರನೇ ಅಂಕದಲ್ಲಿ ಕೋಟೆಯ ಬಾಗಿಲ ಮುಂದೆ ಹೇಳಬೇಕಾದ ಒಂದು ಮಾತು ನನಗೆ ಮರೆಯಿತು. ತಮ್ಮ ಪರದೆಯ ಹಿಂದಿನಿಂದ ಹೇಳಿಕೊಟ್ಟ. ಕೇಳಲಿಲ್ಲ. ಮತ್ತೆ ಹೇಳಿದ. ಕೇಳಲಿಲ್ಲ. ಸುಮಾರು ಮುನ್ನೂರು ಜನ ಪ್ರೇಕ್ಷಕರು. ನಾನು ಪರದೆಯನ್ನು ಸರ್ರನೆ ಎಳೆದು, ಬಾಯಲ್ಲಿ ಏನು ಇಟ್ಟುಕೊಂಡಿದ್ದೀಯೋ, ಗಂಡಸಿನ ಹಾಗೆ ಒಂದು ಮಾತು ಹೇಳೋಕೆ ಆಗಲ್ವಾ ಎಂದು ಅಷ್ಟೂ ಜನರ ಮುಂದೆ ಗದರಿದೆ. ಜನ ನಕ್ಕರು, ಅದೂ ನಾಟಕದ ಭಾಗವೆಂದು ತಿಳಿದರು. ತಮ್ಮ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂಬಾಗಿಲಿನಿಂದ ಹೊರಗೆ ಹೋದ. ಆಗ ಗಂಟೆ 4.20. ಆಮೇಲೆ ಅವನನ್ನು ಕಂಡವರಿಲ್ಲ. ಆ ಮಾತು ಯಾವುದೆಂದು ನನಗೆ ಇವತ್ತಿನವರೆಗೂ ನೆನಪಾಗಿಲ್ಲ. ಇಷ್ಟು ಹಳೆಯ ಸಂಗತಿ.

ಇನ್ನು ಹೊಸದು. ರೈಟರ್ ಸಾಹೇಬರು ದಯವಿಟ್ಟು ಹೊಸ ಹಾಳೆ ತೆಗೆದುಕೊಳ್ಳಬೇಕು.

ತಮ್ಮ ಹೋದ ಮರುವರ್ಷ ನಮ್ಮ ಸಂಸ್ಥೆಯ ಮೊದಲನೇ ಡಯಾಲಿಸಿಸ್ ಕೇಂದ್ರ ತೆರೆಯಿತು. ರೋಗಿಗಳ ದಾಖಲೆ ಇಡಲು ಡೇಟಾಬೇಸ್ ಕಟ್ಟಿಕೊಟ್ಟವನು ನಾನು. ಡೇಟಾಬೇಸ್ ಎಂದರೆ ಗಾಬರಿ ಬೇಡ, ಖಾನೆಗಳಿರುವ ಬೀರು ಎಂದುಕೊಳ್ಳಿ. ಒಬ್ಬ ರೋಗಿಗೆ ಒಂದು ಸಾಲು. ಆ ಸಾಲಿನಲ್ಲಿ ಹುಟ್ಟಿದ ದಿನ, ಗುರುತು, ರಕ್ತದ ಗುಂಪು, ಒಗ್ಗದ ಔಷಧಿ, ತೂಕ, ಕರೆಯಬೇಕಾದ ಸಂಬಂಧಿ, ಕೊನೆಗೆ ಷರಾ, ಅಂದರೆ ಬೇರೆ ಏನಾದರೂ ಹೇಳುವುದಿದ್ದರೆ ಬರೆಯುವ ಜಾಗ. ಬೀರು ಸರಿಯಾಗಿ ತೆರೆಯುತ್ತದೆಯೋ ಇಲ್ಲವೋ ನೋಡಲು ಸುಳ್ಳು ರೋಗಿಯೊಬ್ಬನನ್ನು ಸೇರಿಸುವುದು ಈ ಕೆಲಸದ ರೂಢಿ. ಹೆಸರಿನ ಜಾಗದಲ್ಲಿ 'ಮಾದರಿ' ಎಂದು ಹಾಕಿದೆ. ನಂಬರ್ ಒಂದು. ಉಳಿದ ಖಾನೆಗಳಿಗೆ ಏನಾದರೂ ತುಂಬಬೇಕಲ್ಲ? ಬೆರಳು ತಾನೇ ಬರೆಯುತ್ತಾ ಹೋಯಿತು. ಹುಟ್ಟಿದ ದಿನ, ತಮ್ಮನದು. ಗುರುತು, ಎಡ ಹುಬ್ಬಿನಲ್ಲಿ ಹಳೆಯ ಗಾಯ. ರಕ್ತದ ಗುಂಪು, ಒಗ್ಗದ ಮಾತ್ರೆ, ಎಲ್ಲ ಅವನದೇ. ತೂಕ ಅರವತ್ತು ಕೆ.ಜಿ. ವಿಳಾಸ, ನಮ್ಮ ತಂಡದ ಅಭ್ಯಾಸದ ಕೋಣೆ. ಅದನ್ನು ಈಗ ಕೆಡವಿದ್ದಾರೆ. ಸಂಬಂಧಿ: ಅಣ್ಣ. ಮುಂದೆ ನನ್ನ ಆಗಿನ ಮೊಬೈಲ್ ನಂಬರ್. ಅಳಿಸಬೇಕಿತ್ತು. ಅಳಿಸಲಿಲ್ಲ. ಹೋದವನು ಎಲ್ಲೋ ಒಂದು ಕಡೆ ಹಾಜರಿ ಪುಸ್ತಕದಲ್ಲಾದರೂ ಇರಲಿ ಎನ್ನಿಸಿತು.

ಎರಡನೇ ಕೇಂದ್ರ ತೆರೆದಾಗ ಮೊದಲನೆಯದರ ಬೀರುವನ್ನೇ ಅಚ್ಚು ಮಾಡಿ, ರೋಗಿಗಳನ್ನು ಖಾಲಿ ಮಾಡಿ ಕೊಟ್ಟೆ. ಒಂದನೇ ನಂಬರಿನ ಸಾಲು ಮಾತ್ರ ಹಾಗೇ ಹೋಯಿತು. ಮೂರು, ನಾಲ್ಕು, ಐದು, ಆರಕ್ಕೂ ಹಾಗೆಯೇ. ಏಳನೇ ಕೇಂದ್ರ ಮಾತ್ರ ಬೇರೆ. ನಾಲ್ಕು ತಿಂಗಳ ಹಿಂದೆ ಅದರ ಬೀರುವನ್ನು ಕಟ್ಟುವಾಗ ವ್ಯವಸ್ಥಾಪಕರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಅವರ ಕಣ್ಣೆದುರು ನಾಚಿಕೆಯಾಗಿ ಆ ಸಾಲನ್ನು ನನ್ನ ಕೈಯಾರೆ ತೆಗೆದುಹಾಕಿದೆ. ಏಳನೆಯದರಲ್ಲಿ ಒಂದೂ ಸಾಲು ಇರಲಿಲ್ಲ. ಈ ಮಾತಿನ ಕೆಳಗೆ ಗೆರೆ ಎಳೆಯಬೇಕು.

ನಿನ್ನೆ ಸೋಮವಾರ ಬೆಳಿಗ್ಗೆ 10.15ಕ್ಕೆ ವ್ಯವಸ್ಥಾಪಕರು ನನ್ನ ಮೇಜಿಗೆ ಬಂದು, ಬುಧವಾರ ಏಳನೆಯದು ತೆರೆಯುತ್ತಿದೆ, ಏಳೂ ಕಡೆಯ ರೋಗಿಗಳದ್ದು ಒಂದೇ ಪಟ್ಟಿ ಬೇಕು ಎಂದರು. ಇದುವರೆಗೆ ಅಂಥ ಪಟ್ಟಿ ಯಾರೂ ಕೇಳಿರಲಿಲ್ಲ. ಒಂದು ಕೇಂದ್ರದ ಬೀರು ಇನ್ನೊಂದು ಕೇಂದ್ರಕ್ಕೆ ಕಾಣುವುದಿಲ್ಲ. ನಾನು ಒಂದು ಕ್ವೆರಿ ಬರೆದೆ. ಅಂದರೆ ಒಂದೇ ಪ್ರಶ್ನೆ, ಏಳು ಬಾಗಿಲು. ಏಳೂ ಬಾಗಿಲು ತಟ್ಟಿ ಅದೇ ಪ್ರಶ್ನೆ ಕೇಳು, ಬಂದ ಉತ್ತರಗಳನ್ನು ಒಂದರ ಕೆಳಗೊಂದು ಪೇರಿಸು. ಅಚ್ಚು ಹಾಕಿದ ಹಾಗೆ ಒಂದೇ ಥರದ ಸಾಲುಗಳು ಸಿಕ್ಕರೆ ಒಂದನ್ನೇ ಇಟ್ಟುಕೊಂಡು ಉಳಿದವನ್ನು ಬಿಡು ಎಂದು ಆಜ್ಞೆ. ಏಕೆಂದರೆ ಆರು ಕಡೆ ಕೂತಿರುವ ಮಾದರಿ ಆರು ಸಲ ಬರಬಾರದು. ಬಂದರೆ ಒಬ್ಬನಾಗಿ ಬರಬೇಕು.

ನಿಜವಾದ ರೋಗಿಗಳು ಒಟ್ಟು 1,840. ಮಾದರಿ ಒಬ್ಬ. 1,841 ಸಾಲು ಬರಬೇಕಿತ್ತು. 11.20ಕ್ಕೆ ಗುಂಡಿ ಒತ್ತಿದೆ. ಬಂದದ್ದು 1,847.

ಎಣಿಕೆ ತಪ್ಪಿತೆಂದು ಮತ್ತೆ ಒತ್ತಿದೆ. 1,847. ಆಗ ಒಂದನೇ ನಂಬರನ್ನು ಮಾತ್ರ ಕೇಳಿದೆ. ಏಳು ಸಾಲು ಬಂದವು. ಒಂದೇ ಅಚ್ಚಿನವಾಗಿದ್ದರೆ ಕಂಪ್ಯೂಟರ್ ಅವನ್ನು ಮಡಿಸಿ ಒಂದು ಮಾಡಬೇಕಿತ್ತು. ಮಾಡಿಲ್ಲವೆಂದರೆ ಒಂದಕ್ಕೊಂದು ಹೋಲುತ್ತಿಲ್ಲ ಎಂದೇ ಅರ್ಥ. ನನ್ನ ಸುಳ್ಳು ರೋಗಿಯನ್ನು ಯಾರೋ ಆರು ಕಡೆ ಬದಲಾಯಿಸಿ, ಏಳನೇ ಕಡೆ ಹೊಸದಾಗಿ ಸೇರಿಸಿದ್ದಾರೆ.

ಮೊದಲನೇ ಕೇಂದ್ರ ನಮ್ಮ ಕಚೇರಿಯಿಂದ 190 ಕಿ.ಮೀ. ದೂರ. ಅಲ್ಲಿ ಮಾದರಿಯ ತೂಕ 58. ಎರಡನೆಯದು 142 ಕಿ.ಮೀ., ತೂಕ 56. ಮೂರನೆಯದು 97 ಕಿ.ಮೀ., ತೂಕ ಐವತ್ಮೂರೂವರೆ. ನಾಲ್ಕನೆಯದು 61, ತೂಕ 51. ಐದನೆಯದು 28, ತೂಕ ನಲವತ್ತೆಂಟೂವರೆ. ಆರನೆಯದು 9 ಕಿ.ಮೀ., ತೂಕ 44. ತಾರೀಖುಗಳನ್ನು ನೋಡಿದೆ. ಒಂಬತ್ತು ವರ್ಷದ ತಾರೀಖುಗಳು. ಒಂದು ಕೇಂದ್ರದಲ್ಲಿ ಕೊನೆಯ ಸರದಿ ಮುಗಿದ ಎರಡು ಮೂರು ದಿನಕ್ಕೆ ಮುಂದಿನ ಕೇಂದ್ರದಲ್ಲಿ ಮೊದಲ ಸರದಿ. ಒಂದೊಂದು ಕಡೆ ಬಿಡಿಯಾಗಿ ನೋಡಿದರೆ ಏನೂ ಇಲ್ಲ, ಯಾವನೋ ಒಬ್ಬ ರೋಗಿ ಬಂದ, ಹೋದ. ಒಂದರ ಕೆಳಗೊಂದು ಇಟ್ಟಾಗ ಮಾತ್ರ ಕಂಡಿತು. ಸವೆಯುತ್ತಾ, ಸವೆಯುತ್ತಾ, ಒಬ್ಬ ಮನುಷ್ಯ ನನ್ನ ಕಡೆಗೆ ನಡೆದು ಬರುತ್ತಿದ್ದಾನೆ.

ಏಳನೇ ಕೇಂದ್ರ ಎಲ್ಲಿದೆ ಎಂದು ರೈಟರ್ ಸಾಹೇಬರು ಕೇಳಿದರು. ನಮ್ಮ ಕಚೇರಿಯ ಕಟ್ಟಡದಲ್ಲೇ, ನೆಲಮಹಡಿಯಲ್ಲಿ. ನನ್ನ ಕುರ್ಚಿಯಿಂದ ಇಪ್ಪತ್ತೆರಡು ಮೆಟ್ಟಿಲು ಕೆಳಗೆ.

ಏಳನೇ ಸಾಲು ಹೀಗಿತ್ತು. ತೂಕ ನಲವತ್ತೊಂದೂವರೆ. ಮುಂದಿನ ಸರದಿ: ಬುಧವಾರ ಬೆಳಿಗ್ಗೆ 7.15, ನಾಲ್ಕನೇ ಕುರ್ಚಿ. ಸಾಲು ಬರೆದ ಸಮಯ: ಸೋಮವಾರ 11.05, ಅಂದರೆ ನಾನು ಗುಂಡಿ ಒತ್ತುವುದಕ್ಕೆ ಹದಿನೈದು ನಿಮಿಷ ಮೊದಲು. ಬರೆದದ್ದು ನೆಲಮಹಡಿಯ ಕಂಪ್ಯೂಟರಿನಿಂದ. ನೆಲಮಹಡಿಗೆ ಶನಿವಾರದಿಂದ ಬೀಗ. ಬೀಗದ ಕೈ ಒಂದೇ, ಅದು ನನ್ನ ಮೇಜಿನ ಡ್ರಾಯರಿನಲ್ಲಿ. ಸಂಬಂಧಿಯ ಖಾನೆಯಲ್ಲಿ ನನ್ನ ನಂಬರ್ ಇರಲಿಲ್ಲ. ಅದರ ಜಾಗದಲ್ಲಿ ಇದ್ದದ್ದು ಇಷ್ಟು: 'ಅಣ್ಣ. ಕಾಣೆಯಾಗಿದ್ದಾನೆ. ಹುಡುಕುತ್ತಿದ್ದೇನೆ.'

ನೀರು ಕುಡಿದು ಮುಂದುವರಿಸುತ್ತೇನೆ.

ಸೋಮವಾರ 12.30ಕ್ಕೆ ಮೊದಲನೇ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿಯ ಹಿರಿಯ ನರ್ಸಮ್ಮನಿಗೆ ಚೆನ್ನಾಗಿ ನೆನಪಿತ್ತು. ಒಂಬತ್ತು ವರ್ಷದ ಹಿಂದೆ ಕಾಗದ ಪತ್ರ ಯಾವುದೂ ಇಲ್ಲದೆ ಒಬ್ಬರು ಬಂದರಂತೆ. ಹುಟ್ಟಿದ ದಿನ ಹೇಳಿದಾಗ ಆಕೆ ಕಂಪ್ಯೂಟರಿನಲ್ಲಿ ಹುಡುಕಿದರೆ ಆತ ಆಗಲೇ ಅದರಲ್ಲಿ ಇದ್ದರಂತೆ. ಗಾಯ, ರಕ್ತದ ಗುಂಪು, ಒಗ್ಗದ ಮಾತ್ರೆ, ಎಲ್ಲವೂ ತಾಳೆಯಾಯಿತು. ನರ್ಸಮ್ಮ ಹೇಳಿದ್ದು: "ಹೆಸರು ಮಾದರಿ ಅಂತ ಇತ್ತು. ವಿಚಿತ್ರ ಹೆಸರು ಅಂದ್ಕೊಂಡೆ. ನೀವು ಮೊದಲೇ ನಮ್ಮಲ್ಲಿ ಸೇರಿದೀರಲ್ಲಪ್ಪ ಅಂದೆ. ಆ ಮನುಷ್ಯ ಪರದೆ ಮುಂದೆ ತುಂಬಾ ಹೊತ್ತು ನಿಂತಿದ್ದು, ಇದನ್ನ ಬರೆದೋರು ಯಾರಮ್ಮ ಅಂದ್ರು. ಹೆಡ್ ಆಫೀಸಿಂದ ಬಂದಿದ್ದು ಅಂದೆ. ನಕ್ಕುಬಿಟ್ರು. ಹಂಗಾದ್ರೆ ನಮ್ಮಣ್ಣ ನನಗೆ ಮೊದಲೇ ಜಾಗ ಹಿಡಿದಿಟ್ಟಿದ್ದಾನೆ ಅಂದ್ರು."

ಅಲ್ಲಿಂದಲೇ ನನ್ನ ನಂಬರಿಗೆ ಕರೆ ಮಾಡಿಸಿದನಂತೆ. ಮೊದಲ ವರ್ಷ ನಂಬರ್ ಇತ್ತು. ಗುರುತಿಲ್ಲದ ಕರೆಯೆಂದು ನಾನು ಎತ್ತಿರಲಿಕ್ಕಿಲ್ಲ. ಎಂಟು ವರ್ಷದ ಹಿಂದೆ ಆ ನಂಬರನ್ನೇ ಬಿಟ್ಟೆ. ಆರೂ ಕೇಂದ್ರಗಳ ಷರಾದಲ್ಲಿ ಒಂದೇ ಬರಹ: 'ಅಣ್ಣನಿಗೆ ಕರೆ. ಉತ್ತರವಿಲ್ಲ.' ಕರೆ ಮಾಡಿದ ತಾರೀಖುಗಳನ್ನು ನರ್ಸುಗಳು ಸರದಿಗಳ ಪಟ್ಟಿಯಲ್ಲಿ ಬೇರೆಯಾಗಿ ಬರೆದಿಟ್ಟಿದ್ದಾರೆ. ಎಣಿಸಿದೆ. 212.

ಹೆಡ್ ಆಫೀಸ್ ಎಲ್ಲಿ ಎಂದು ಅವನು ಪ್ರತಿ ಕಡೆಯೂ ಕೇಳಿದ್ದಾನೆ. ನಮ್ಮ ಕಚೇರಿ ಮೂರು ಸಲ ಕಟ್ಟಡ ಬದಲಾಯಿಸಿದೆ. ನಮಗೆ ಸರಿಯಾಗಿ ಗೊತ್ತಿಲ್ಲ, ಮುಂದಿನ ಕೇಂದ್ರದವರಿಗೆ ಗೊತ್ತಿರಬಹುದು ಎಂದು ಪ್ರತಿಯೊಬ್ಬರೂ ಹೇಳಿ ಕಳಿಸಿದ್ದಾರೆ.

ಅದೇ ದಿನ 2.10ಕ್ಕೆ ಆರನೇ ಕೇಂದ್ರದ ನರ್ಸ್ ಜೊತೆ ಮಾತಾಡಿದೆ. ಚಿಕ್ಕ ವಯಸ್ಸಿನ ಹುಡುಗಿ. "ಅಯ್ಯೋ, ಮಾದರಿ ಅಂಕಲ್ಲಾ! ಅವ್ರು ಮಾತಾಡೋದೇ ಕಮ್ಮಿ ಸಾರ್. ಆದ್ರೆ ನಾನು ಹೊಸ ಔಷಧಿ ಹೆಸರು ಓದುವಾಗ ಎಲ್ಲಾದ್ರೂ ತಡವರಿಸಿದ್ರೆ ಹಿಂದಿನಿಂದ ಮೆಲ್ಲಗೆ ಹೇಳ್ಕೊಡ್ತಾರೆ. ತಿರುಗಿ ನೋಡಿದ್ರೆ ಕಣ್ಣು ಮುಚ್ಕೊಂಡಿರ್ತಾರೆ. ಒಂದೊಂದ್ ಸಲ ಭಯ ಆಗುತ್ತೆ ಸಾರ್, ನಾನಿನ್ನೂ ಮರೆತಿರಲ್ಲ, ಅಷ್ಟರಲ್ಲೇ ಹೇಳಿರ್ತಾರೆ."

ಅವರು ಈಗ ಎಲ್ಲಿ ಎಂದು ಕೇಳಿದೆ. ಹೋದ ಬುಧವಾರ ಬಂದದ್ದೇ ಕೊನೆ ಎಂದಳು. ಶುಕ್ರವಾರ ಬರಲಿಲ್ಲ, ಇವತ್ತೂ ಬಂದಿಲ್ಲ. ಹೋಗುವಾಗ, ಸಾಕಮ್ಮ, ಇನ್ನು ಮುಂದಿನದು ಮನೆ ಹತ್ತಿರ ಎಂದರಂತೆ. ಎರಡು ಸರದಿ ತಪ್ಪಿದರೆ ಏನಾಗುತ್ತದೆ ಎಂದು ಕೇಳಿದೆ. ಮೈಯಲ್ಲಿ ನೀರು ತುಂಬುತ್ತೆ ಸಾರ್, ಉಸಿರು ಕಟ್ಟುತ್ತೆ, ಮೂರನೇದು ತಪ್ಪಬಾರದು ಎಂದಳು. ಮೂರನೆಯದು ಎಂದರೆ ನಾಳೆ.

ನಿನ್ನೆ ಮೂರು ಗಂಟೆಯಿಂದ ಕತ್ತಲಾಗುವವರೆಗೆ ಆ ಒಂಬತ್ತು ಕಿ.ಮೀ. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ನಿಲ್ಲಿಸಿ ಕೇಳಿದೆ. ಎರಡು ಆಸ್ಪತ್ರೆ, ನಾಲ್ಕು ವಸತಿಗೃಹ, ಬಸ್ ನಿಲ್ದಾಣದ ಬೆಂಚುಗಳು. ಹುಬ್ಬಿನ ಗಾಯದವರು ಯಾರೂ ಸಿಗಲಿಲ್ಲ.

ಇವತ್ತು ಮಂಗಳವಾರ 10.30ಕ್ಕೆ ಎಲ್ಲವನ್ನೂ ವ್ಯವಸ್ಥಾಪಕರಿಗೆ ತಿಳಿಸಿದೆ. ಅವರು ಕೆಟ್ಟವರಲ್ಲ. ಹಣೆ ಒರೆಸಿಕೊಂಡು, "ಗುಡುಗಣ್ಣ, ನಾಳೆ ತಪಾಸಣೆಯವರು ಬರ್ತಾರೆ. ಇಲ್ಲದ ಮನುಷ್ಯನಿಗೆ ಒಂಬತ್ತು ವರ್ಷ ಡಯಾಲಿಸಿಸ್ ಮಾಡಿದೀವಿ ಅಂದ್ರೆ ಏಳೂ ಕಡೆ ಬೀಗ ಹಾಕಿಸ್ತಾರೆ. ಅದು ಟೆಸ್ಟ್ ಸಾಲು ಮಾರಾಯ, ಮನುಷ್ಯ ಅಲ್ಲ. ಸಂಜೆ ಐದರೊಳಗೆ ಏಳೂ ಕಡೆ ಅಳಿಸು" ಎಂದರು. ಸಾಲು ಇಲ್ಲದಿದ್ದರೆ ಚೀಟಿ ಬರುವುದಿಲ್ಲ, ಚೀಟಿ ಇಲ್ಲದೆ ಯಂತ್ರ ಹಚ್ಚುವುದಿಲ್ಲ, ನಾಳೆ ಅವನು ಬಂದರೆ ಬಾಗಿಲಿನಿಂದಲೇ ವಾಪಸ್ಸು ಕಳಿಸುತ್ತಾರೆ ಎಂದೆ. "ಬಂದ್ರೆ ತಾನೇ" ಎಂದರು. ಆಮೇಲೆ ಅಂದದ್ದಕ್ಕೆ ಬೇಸರಪಟ್ಟು ಕಿಟಕಿಯ ಕಡೆ ನೋಡಿದರು.

12.10ಕ್ಕೆ ಬೀಗದ ಕೈ ತೆಗೆದುಕೊಂಡು ಕಾವಲುಗಾರನ ಜೊತೆ ಕೆಳಗೆ ಹೋದೆ. ಶಟರ್ ಎತ್ತಿದವನು ಅವನು. ಒಳಗೆ ಆರು ಕುರ್ಚಿ, ಆರು ಯಂತ್ರ, ಹೊಸ ಬಣ್ಣದ ವಾಸನೆ. ಕುರ್ಚಿಗಳಿಗೆ ಪ್ಲಾಸ್ಟಿಕ್ ಹೊದಿಕೆ. ಐದಕ್ಕೆ ಇತ್ತು. ನಾಲ್ಕನೇ ಕುರ್ಚಿಯದು ಇರಲಿಲ್ಲ. ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆ ಮಾಡಿ ಕಾಲಿನ ಹತ್ತಿರ ಇಟ್ಟಿತ್ತು. ನಮ್ಮ ತಂಡದಲ್ಲಿ ಆಟ ಮುಗಿದ ಮೇಲೆ ಪರದೆ ಮಡಿಸುತ್ತಿದ್ದವನು ತಮ್ಮ. ಹಾಗೆಯೇ ಮಡಿಸುತ್ತಿದ್ದ.

ಬಾಗಿಲ ಪಕ್ಕದಲ್ಲಿ ರೋಗಿಗಳನ್ನು ತೂಗುವ ಯಂತ್ರ. ಕೊನೆಗೆ ತೂಗಿದ ತೂಕ ಅದರಲ್ಲಿ ಉಳಿದಿರುತ್ತದೆ. ಗುಂಡಿ ಮುಟ್ಟಿದೆ. ನಲವತ್ತೊಂದೂವರೆ ಎಂದು ಹಸಿರಾಗಿ ಹೊತ್ತಿತು.

"ಯಾರೂ ಬಂದಿಲ್ಲ ಸಾರ್, ಬೀಗ ನನ್ನ ಕಣ್ಣೆದುರೇ ಇದೆ" ಎಂದು ಕಾವಲುಗಾರ ಹೇಳಿದ. "ನಾನಂತೂ ಹತ್ತಿಲ್ಲ, ನಾನು ಹತ್ತಿದ್ರೆ ಅರವತ್ತೆಂಟು. ಬೇಕಾದ್ರೆ ಹತ್ತಿ ತೋರಿಸ್ಲಾ?" ಬೇಡ ಎಂದೆ. ಆ ಅಂಕಿ ಅಳಿಸಿಹೋಗುವುದು ನನಗೆ ಬೇಕಿರಲಿಲ್ಲ. ಅವನು ಒಂದು ಹೆಜ್ಜೆ ಹಿಂದೆ ಸರಿದು, "ಸಾರ್, ಇಲ್ಲಿ ಯಾರೋ ಏನೋ ಓದ್ತಾ ಇದ್ದಂಗೆ ಕೇಳಿಸಲ್ವಾ?" ಎಂದ. ನಾನು ಕಿವಿಗೊಟ್ಟೆ. ನೀರಿನ ಕೊಳವೆಯೂ ಇರಬಹುದು. ನನಗೆ ಮೆಲ್ಲಗಿನ ಸದ್ದು ಮೊದಲಿನಿಂದಲೂ ಕೇಳುವುದಿಲ್ಲ. ಅದೇ ನನ್ನ ಕಥೆ.

12.35ಕ್ಕೆ ಬೀಗ ಹಾಕಿ ಮೇಲೆ ಬಂದೆ. ಏಳನೇ ಸಾಲನ್ನು ಮತ್ತೆ ತೆರೆದೆ. ನಿನ್ನೆ ಖಾಲಿ ಇದ್ದ ಷರಾ ಈಗ ತುಂಬಿತ್ತು. ಬರೆದ ಸಮಯ 12.22. ಆ ಹೊತ್ತಿಗೆ ನಾವಿಬ್ಬರೂ ಆ ಕೋಣೆಯೊಳಗೇ ನಿಂತಿದ್ದೆವು. ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ಷರಾದಲ್ಲಿ ಇದ್ದದ್ದು: 'ದ್ವಾರಪಾಲಕರೇ, ಕದ ತೆರೆಯಿರಿ. ಹೊರಗೆ ನಿಂತವನು ವೈರಿಯಲ್ಲ. ಅವನು'

ಅಷ್ಟೇ. ಠಾಣಾಧಿಕಾರಿಗಳೇ, ಅದು ನಾನು ಮರೆತ ಮಾತು. ಮೂರನೇ ಅಂಕ, ಕೋಟೆಯ ಬಾಗಿಲು. ನೋಡಿದ ಕೂಡಲೇ ಗಂಟಲಿಗೆ ಬಂತು, ಅಲ್ಲಿಯವರೆಗೆ ಮಾತ್ರ. ಮುಂದಿನದು ಈಗಲೂ ಬರುತ್ತಿಲ್ಲ. ಷರಾದ ಖಾನೆ ಇಷ್ಟೇ ಅಕ್ಷರ ಹಿಡಿಯುತ್ತದೆ, ಉಳಿದದ್ದು ತಾನಾಗಿ ಕತ್ತರಿಸಿಹೋಗುತ್ತದೆ. ಷರಾಕ್ಕೆ ಇಷ್ಟು ಸಾಕು, ಜನ ಸುಮ್ಮನೆ ಪುರಾಣ ಬರೆಯುತ್ತಾರೆ ಎಂದು ಹನ್ನೊಂದು ವರ್ಷದ ಹಿಂದೆ ಆ ಅಳತೆ ಇಟ್ಟವನು ನಾನೇ.

ಆ ನಾಟಕದ ಪ್ರತಿ ಒಂದೇ. ಅದು ತಮ್ಮನ ಕಂಕುಳಲ್ಲಿ ಹೋಯಿತು. ತಂದೆಯವರು ಈಗಿಲ್ಲ. ಆ ಸಾಲನ್ನು ಬರೆಯಬಲ್ಲವನು ಲೋಕದಲ್ಲಿ ಒಬ್ಬನೇ.

ಅಳಿಸುವುದಿಲ್ಲ ಎಂದು ವ್ಯವಸ್ಥಾಪಕರಿಗೆ ಹೇಳಿ, ಬೀಗದ ಕೈ ಜೇಬಿನಲ್ಲಿ ಹಾಕಿಕೊಂಡು 2.50ಕ್ಕೆ ಈ ಠಾಣೆಗೆ ಬಂದೆ. ನಮ್ಮ ಕಚೇರಿಯಿಂದ ಠಾಣೆಗೆ ನಾಲ್ಕು ಕಿ.ಮೀ. ನನ್ನ ಕೋರಿಕೆ ಒಂದೇ: ಹನ್ನೆರಡು ವರ್ಷದ ಪ್ರಕರಣಕ್ಕೆ ಇದು ಸಾಕ್ಷ್ಯ, ಆದ್ದರಿಂದ ಒಂದನೇ ನಂಬರಿನ ಸಾಲನ್ನು ಯಾರೂ ಮುಟ್ಟಬಾರದೆಂದು ಠಾಣೆಯಿಂದ ಪತ್ರ ಕೊಡಬೇಕು. ಯಾರೋ ಕಾಗದವಿಲ್ಲದ ಬಡವ ನಿಮ್ಮ ತಮ್ಮನ ಸಾಲಿನಲ್ಲಿ ನುಸುಳಿ ಚಿಕಿತ್ಸೆ ತಗೊಂಡಿರಬಹುದಲ್ಲ ಎಂದು ಠಾಣಾಧಿಕಾರಿಗಳು ಕೇಳಿದರು. ಕೇಳಬೇಕಾದದ್ದೇ. ಹಾಗಿದ್ದರೂ ಆ ಬಡವನಿಗೆ ನಾಳೆ ಮೂರನೇ ಸರದಿ, ಸಾಲು ಇರಲಿ ಎಂದೆ. ಮತ್ತೆ ಆ ಬಡವನಿಗೆ ನಮ್ಮ ತಂದೆಯ ನಾಟಕ ಹೇಗೆ ಗೊತ್ತು ಎಂದು ಕೇಳಿದೆ. ಅದಕ್ಕೆ ಅವರು ವ್ಯವಸ್ಥಾಪಕರ ಫೋನ್ ನಂಬರ್ ಕೇಳಿದರು.

ಮುಂದಿನದು ನಿಮ್ಮೆಲ್ಲರ ಕಣ್ಣೆದುರೇ ನಡೆದದ್ದು, ಆದರೂ ಬರೆದಿರಲಿ. 4.35ಕ್ಕೆ ಠಾಣಾಧಿಕಾರಿಗಳು ವ್ಯವಸ್ಥಾಪಕರಿಗೆ ಫೋನ್ ಮಾಡಿ, ನಮಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು. ವ್ಯವಸ್ಥಾಪಕರ ಧ್ವನಿ ಸಣ್ಣಗಿತ್ತು. ಆರು ಕಡೆಯದನ್ನು 3.40ಕ್ಕೆ ತಾವೇ ಅಳಿಸಿದ್ದಾಗಿ ಹೇಳಿದರು. ಒಂಬತ್ತು ವರ್ಷದ ನಡಿಗೆ, ಸ್ವಾಮಿ, ಆರು ಸಲ ಬೆರಳು ಒತ್ತಿ ಮುಗಿಸಿದರು. "ಏಳನೇದು ಅಳಿಯುತ್ತಿಲ್ಲ ಸಾರ್" ಎಂದರು. "ಈ ದಾಖಲೆಯನ್ನು ಬೇರೊಬ್ಬರು ತೆರೆದಿದ್ದಾರೆ, ಆಮೇಲೆ ಪ್ರಯತ್ನಿಸಿ ಅಂತ ಬರ್ತಿದೆ. ಹತ್ತಿರ ಹತ್ತಿರ ಒಂದು ತಾಸಿನಿಂದ ಹಂಗೇ ಬರ್ತಿದೆ." ಎಲ್ಲಿಂದ ತೆರೆದಿದ್ದಾರೆ ಎಂದು ಠಾಣಾಧಿಕಾರಿಗಳು ಕೇಳಿದರು. "ನೆಲಮಹಡಿಯ ಕಂಪ್ಯೂಟರ್ ಅಂತ ತೋರಿಸ್ತಿದೆ." ಕೆಳಗೆ ಯಾರಿದ್ದಾರೆ? "ಬೀಗ ಹಾಕಿದೆ ಸಾರ್. ಕೀ ಗುಡುಗಣ್ಣನ ಹತ್ತಿರ ಇದೆ."

ನಾನು ಬಂದ ಕೂಡಲೇ ತೆಗೆದಿಟ್ಟ ಕೀ ರೈಟರ್ ಸಾಹೇಬರ ಮೇಜಿನ ಮೇಲಿತ್ತು, ಶಾಯಿ ಪ್ಯಾಡಿನ ಪಕ್ಕ. ಎಲ್ಲರೂ ಅದನ್ನೇ ನೋಡಿದೆವು. ಸೈಕಲ್ ಹಿರಿಯರು ಬೆಂಚಿನಿಂದ ಎದ್ದು ನಿಂತರು.

ಅದೇ ರಸ್ತೆಯಲ್ಲಿ ಗಸ್ತಿನಲ್ಲಿದ್ದ ಪೇದೆಯೊಬ್ಬರನ್ನು ಅಲ್ಲಿಗೆ ಕಳಿಸಲಾಯಿತು. 5.05ಕ್ಕೆ ಅವರ ಕರೆ ಬಂತು. ಬೀಗ ಸರಿಯಾಗಿದೆ. ಪಕ್ಕದ ಗಾಜಿನ ಕಿಟಕಿಯಿಂದ ಟಾರ್ಚ್ ಬಿಟ್ಟು ನೋಡಿದ್ದಾರೆ, ಯಾರೂ ಇಲ್ಲ. ಕಂಪ್ಯೂಟರಿನ ತಂತಿಯನ್ನೇ ಗೋಡೆಗೆ ಸಿಕ್ಕಿಸಿಲ್ಲ, ಸುರುಳಿ ಸುತ್ತಿ ಮೇಜಿನ ಮೇಲಿದೆ. ಕುರ್ಚಿಗಳು ಖಾಲಿಯಾ ಎಂದು ನಾನು ಈ ಕಡೆಯಿಂದ ಕೂಗಿದೆ. ಖಾಲಿ ಎಂದರು. ಆದರೆ ನಾಲ್ಕನೇ ಕುರ್ಚಿ ಮಾತ್ರ ಒರಗುವ ಹಾಗೆ ಹಿಂದಕ್ಕೆ ಬಾಗಿಸಿದೆ, ಉಳಿದವು ನೆಟ್ಟಗಿವೆ ಎಂದರು. ಮಧ್ಯಾಹ್ನ ನಾನು ನೋಡಿದಾಗ ಆರೂ ನೆಟ್ಟಗಿದ್ದವು.

ಏಳನೇ ಕೇಂದ್ರದ ಒಂದನೇ ನಂಬರ್ ಸಾಲನ್ನು ನಾಳೆ ಮಧ್ಯಾಹ್ನದವರೆಗೆ ಯಾರೂ ಅಳಿಸಬಾರದೆಂದು 5.20ಕ್ಕೆ ಠಾಣಾಧಿಕಾರಿಗಳು ಪತ್ರ ಬರೆಸಿ ಮೊಹರು ಹಾಕಿದರು. ಪತ್ರದ ಕೆಳಗೆ ಕಾರಣದ ಜಾಗದಲ್ಲಿ ಏನು ಬರೆಯಲಿ ಎಂದು ರೈಟರ್ ಸಾಹೇಬರು ಕೇಳಿದರು. ರೋಗಿ ಬರುವವನಿದ್ದಾನೆ ಎಂದು ಬರೆಯಿರಿ ಎಂದು ಠಾಣಾಧಿಕಾರಿಗಳು ಹೇಳಿದರು. ಅವರಿಗೆ ನಾನು ಋಣಿ.

ಮೇಲೆ ಬರೆಸಿದ್ದೆಲ್ಲ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಒಂದು ಮಾತನ್ನೂ ಬಣ್ಣ ಹಚ್ಚಿ ಹೇಳಿಲ್ಲ. ರೈಟರ್ ಸಾಹೇಬರು ನನಗೆ ಓದಿ ಹೇಳಿದಾಗ ಹೇಳಿದ್ದೂ ಬರೆದದ್ದೂ ಒಂದೇ ಆಗಿತ್ತು. ಅವರು ಓದುವಾಗ ಮೂರನೇ ಪುಟದಲ್ಲಿ ಒಂದು ಕಡೆ ತಡವರಿಸಿದರು. ಅವರ ಬೆನ್ನ ಹಿಂದೆ ಗೋಡೆ ಇದೆ, ಯಾರೂ ಇರಲಿಲ್ಲ. ಆದರೂ ಅವರು ಒಮ್ಮೆ ತಿರುಗಿ ನೋಡಿ, ಆಮೇಲೆ ಸರಿಯಾದ ಪದವನ್ನೇ ಓದಿದರು. ಅದನ್ನೂ ಬರೆದುಕೊಳ್ಳಿ ಎಂದರೆ ಬೇಡ ಎನ್ನುತ್ತಿದ್ದಾರೆ. ಬರೆಯಲೇಬೇಕು.

ಸ್ಥಳ: ಠಾಣೆಯ ಹೊರಕೋಣೆ. ದಿನ: ಮಂಗಳವಾರ, ಸಂಜೆ 5.50.

ಸಹಿಗೆ ಮುನ್ನ ಸೇರಿಸಿದ್ದು: ನಾಳೆ ಬೆಳಿಗ್ಗೆ 6.50ಕ್ಕೆ ನಾನು ಏಳನೇ ಕೇಂದ್ರದ ಮುಂದೆ ಇರುತ್ತೇನೆ. ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು, ಒಬ್ಬನೇ. ಯಾರಾದರೂ ಬರುವುದಾದರೆ ರಸ್ತೆಯ ಆಚೆ ಬದಿಗೆ ನಿಲ್ಲಬೇಕು. 7.15ಕ್ಕೆ ಬೀಗ ತೆಗೆಯುತ್ತೇನೆ, ಆದರೆ ಶಟರ್ ಎತ್ತುವುದಿಲ್ಲ. ಅದರ ಮುಂದೆ ನಿಂತು, ಗುಡುಗದೆ, ಮೆಲ್ಲಗೆ ಹೇಳುತ್ತೇನೆ: ದ್ವಾರಪಾಲಕರೇ, ಕದ ತೆರೆಯಿರಿ. ಹೊರಗೆ ನಿಂತವನು ವೈರಿಯಲ್ಲ. ಅವನು. ಅಲ್ಲಿಗೆ ನಿಲ್ಲಿಸುತ್ತೇನೆ. ಮುಂದಿನದು ನನಗೆ ಗೊತ್ತಿಲ್ಲ. ಹೇಳಿಕೊಡುವವನು ಹೇಳಿಕೊಡುವವರೆಗೆ ಬಾಯಿ ಮುಚ್ಚಿಕೊಂಡು, ಕಿವಿಯನ್ನು ಶಟರಿಗೆ ಹಚ್ಚಿ, ಕಾಯುತ್ತೇನೆ.

(ಸಹಿ)